ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರನ್ನು ಕೇಳುವುದು?

ಈಚೆಗೆ ಒಂದು ಸೋಮವಾರ ಊರಿನಿಂದ ಹಿಂತಿರುಗಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದೆ. ಗಂಟೆ ಇನ್ನೂ ಆರಾಗಿರಲಿಲ್ಲ. ನಾಡಿನ ಮೂಲೆಮೂಲೆಗಳಿಂದ ರಾತ್ರಿಯಿಡೀ ಓಡಿಬಂದ ಬಸ್ಸುಗಳು ಒಂದರ ಹಿಂದೊಂದು ನಿಂತು, ನಿದ್ದೆಗಣ್ಣಿನ ಜನರನ್ನು ಇಳಿಸಿ ಹೋಗುವ ಹೊತ್ತು ಅದು. ನಗರ ಸಾರಿಗೆಯ ನಿಲ್ದಾಣದ ಕಡೆಗೆ ನಡೆಯುತ್ತಿದ್ದಾಗ ಅರವತ್ತೈದರ ಆಸುಪಾಸಿನ ಒಬ್ಬರು ಎದುರು ನಿಂತರು. ಹೆಗಲಿನಲ್ಲಿ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಫೈಲು. ಒಂದು ಹೆಜ್ಜೆ ಹಿಂದೆ ಸೆರಗು ಹೊದ್ದ ಅವರ ಹೆಂಡತಿ.

'ಸಾಹೇಬ್ರ, ಕಿದ್ವಾಯಿ ದವಾಖಾನಿಗೆ ಹೋಗೋ ಬಸ್ಸು ಎಲ್ಲಿ ನಿಂದರ್ತಾವ್ರೀ?'

ಸಿಂಧನೂರಿನ ಕಡೆಯವರು. ಫೈಲು ಹೆಂಡತಿಯದು. ಎಂಟು ಗಂಟೆಯೊಳಗೆ ಸಾಲಿನಲ್ಲಿ ನಿಲ್ಲಬೇಕು. ತಡವಾದರೆ ಅಂದಿನ ಸರದಿ ತಪ್ಪಬಹುದು, ತಪ್ಪಿದರೆ ಇನ್ನೊಂದು ರಾತ್ರಿ ಈ ನಗರದಲ್ಲಿ ಕಳೆಯಬೇಕು ಎಂಬ ಲೆಕ್ಕ ಅವರ ಮುಖದಲ್ಲೇ ಬರೆದಿತ್ತು. 'ಹ್ವಾದ ಸಲ ಆಟೋದಾಗ ನಾಕ್ನೂರು ಕೊಟ್ಟೇವ್ರೀ' ಎಂದರು. ನಾನು ಹಾವೇರಿ ಸೀಮೆಯವನಾದ್ದರಿಂದ ಮಾತು ಬೇಗ ಹತ್ತಿರವಾಯಿತು. 'ಬರ್ರಿ ಯಜಮಾನ್ರ, ನಾನೂ ಆ ಕಡೀನ ಹೊಂಟೀನಿ' ಎಂದು ಕರೆದುಕೊಂಡು ಹೊರಟೆ.

ನಿಲ್ದಾಣದಲ್ಲಿ ಫಲಕಗಳಿರಲಿಲ್ಲವೆಂದಲ್ಲ. ಅಂಕಣಕ್ಕೊಂದು ಸಂಖ್ಯೆ ಇತ್ತು, ಬಸ್ಸಿನ ನೆತ್ತಿಯ ಮೇಲೆ ಊರ ಹೆಸರಿತ್ತು, ಅದೂ ಕನ್ನಡದಲ್ಲೇ. ಯಜಮಾನರಿಗೆ ಓದಲು ಬರುತ್ತಿತ್ತು. ಆದರೂ ಅವರು ಹುಡುಕುತ್ತಿದ್ದ ಹೆಸರು ಯಾವ ಬಸ್ಸಿನ ಮೇಲೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಆಸ್ಪತ್ರೆಯಿರುವುದು ಮರಿಗೌಡ ರಸ್ತೆಯಲ್ಲಿ. ಆ ಹಾದಿಯಲ್ಲಿ ಡೇರಿ ವೃತ್ತ ದಾಟಿ ಮುಂದೆ ಸಾಗುವ ಬಸ್ಸಿನ ಫಲಕದಲ್ಲಿರುವುದು ಬನ್ನೇರುಘಟ್ಟ. 'ಇದರಾಗ ಹತ್ರಿ' ಎಂದಾಗ ಯಜಮಾನರು ಫಲಕವನ್ನು ನೋಡಿ ಅನುಮಾನದಿಂದ ನಿಂತರು. 'ಅಲ್ಲಿ ಹುಲಿ ಸಿಂಹ ಅದಾವಲ್ರೀ?' ಎಂದು ಕೇಳಿದರು. ನಗುವ ಮಾತಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಹೆಂಗಸನ್ನು ಮೃಗಾಲಯದ ಬಸ್ಸು ಹತ್ತಿಸಬೇಕೆಂಬುದು ಈ ನಗರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹೊಸಬರಿಗೆ ಮಾತ್ರ ಗೊತ್ತಿಲ್ಲ.

ಈ ಲೇಖನದ ಕಾಳಜಿ ಇಷ್ಟೇ. ಬೆಂಗಳೂರಿನ ಬಸ್ಸುಗಳ ಕುರಿತು ನಾವು ಸಾಮಾನ್ಯವಾಗಿ ಚರ್ಚಿಸುವುದು ಅವುಗಳ ಸಂಖ್ಯೆ ಸಾಲದು, ದರ ಹೆಚ್ಚು, ನಷ್ಟ ದೊಡ್ಡದು ಎಂಬ ನೆಲೆಯಲ್ಲಿ. ಅವೆಲ್ಲ ಮುಖ್ಯವೇ. ಆದರೆ ಇರುವ ಬಸ್ಸು ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ತಿಳಿವಳಿಕೆಯೇ ಒಂದು ಸಾರ್ವಜನಿಕ ಸೇವೆ ಎಂಬುದನ್ನು ನಾವು ಗಂಭೀರವಾಗಿ ಪರಿಗಣಿಸಿಲ್ಲ. ಆ ತಿಳಿವಳಿಕೆ ಹಳಬರ ನೆನಪಿನಲ್ಲಿದೆ, ನಿರ್ವಾಹಕರ ನಾಲಗೆಯಲ್ಲಿದೆ, ನಿಲ್ದಾಣದ ಬದಿಯ ಬೀಡಾ ಅಂಗಡಿಯವನ ಬೆರಳ ತುದಿಯಲ್ಲಿದೆ. ಅದು ಇರಬೇಕಾದ ಕಂಬದ ಮೇಲೆ ಮಾತ್ರ ಇಲ್ಲ.

ಇದು ನನಗೆ ಹೊಸ ಅನುಭವವೇನೂ ಅಲ್ಲ. 2003ರಲ್ಲಿ ಕೆಲಸ ಹುಡುಕಿಕೊಂಡು ಈ ನಗರಕ್ಕೆ ಬಂದವನು ನಾನು. ಬಂದ ಮೂರನೆಯ ದಿನ ಜಯನಗರದಲ್ಲಿ ಒಂದು ಸಂದರ್ಶನವಿತ್ತು. ನೆಂಟರ ಮನೆಯಲ್ಲಿ ಬಸ್ಸಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೊರಟೆ. ಸಂಖ್ಯೆ ಸರಿಯಾಗಿಯೇ ಇತ್ತು. ನಾನು ನಿಂತದ್ದು ರಸ್ತೆಯ ಇನ್ನೊಂದು ಬದಿಯಲ್ಲಿ. ಅದೇ ಸಂಖ್ಯೆಯ ಬಸ್ಸು ನನ್ನನ್ನು ತದ್ವಿರುದ್ಧ ದಿಕ್ಕಿಗೆ ಕರೆದೊಯ್ಯುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ನಿರ್ವಾಹಕರು ಬೈಯಲಿಲ್ಲ. 'ಎದುರುಗಡೆ ಹತ್ತಬೇಕಿತ್ತು ಕಣಪ್ಪಾ' ಎಂದು ಇಳಿಸಿ, ಎದುರು ಬದಿಯ ಕಂಬವನ್ನು ತೋರಿಸಿದರು. ಟಿಕೆಟ್ಟಿನ ಬೆನ್ನಿಗೆ ಅವರು ಬರೆದುಕೊಟ್ಟಿದ್ದ ಚಿಲ್ಲರೆ ಬಾಕಿಯನ್ನು ಇಸಿದುಕೊಳ್ಳುವುದನ್ನೂ ಮರೆತು ಓಡಿದ್ದೆ. ಸಂದರ್ಶನಕ್ಕೆ ಮುಕ್ಕಾಲು ಗಂಟೆ ತಡವಾಯಿತು. ಆ ಕೆಲಸ ಸಿಗಲಿಲ್ಲ. ತಡವಾದದ್ದೇ ಕಾರಣವೆಂದು ಇಂದು ಹೇಳಲಾರೆ. ಆದರೆ ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ಆ ಕೊಠಡಿಯ ಬಾಗಿಲಲ್ಲಿ ನಿಂತಾಗಿನ ಅವಮಾನ ಇನ್ನೂ ನೆನಪಿದೆ. ಅಂದು ಅದನ್ನು ನನ್ನ ದಡ್ಡತನವೆಂದೇ ಭಾವಿಸಿದ್ದೆ. ಹೊಸಬರೆಲ್ಲರೂ ಹಾಗೆಯೇ ಭಾವಿಸುತ್ತಾರೆ. ಹೀಗಾಗಿಯೇ ಈ ವಿಷಯ ಯಾರ ದೂರಾಗಿಯೂ ದಾಖಲಾಗುವುದಿಲ್ಲ.

ಹೊಸಬರೆಂದರೆ ಯಾರು? 2001ರ ಜನಗಣತಿಯ ವೇಳೆಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರ ಹೊತ್ತಿಗೆ ಅದು ಸುಮಾರು 96 ಲಕ್ಷಕ್ಕೆ ಏರಿತ್ತು. ಒಂದೇ ದಶಕದಲ್ಲಿ 30 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಇಲ್ಲೇ ಹುಟ್ಟಿದವರೆಷ್ಟೋ, ಬಂದು ಸೇರಿದವರೂ ಅಷ್ಟೇ ಮಂದಿ ಇರಬೇಕು. ಇವರಲ್ಲದೆ ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ವಿಧಾನಸೌಧಕ್ಕೆ, ಪರೀಕ್ಷೆಗೆ, ಮಗಳ ಹೆರಿಗೆಗೆ ಎಂದು ದಿನವೂ ಬಂದುಹೋಗುವವರಿದ್ದಾರೆ. ಅವರು ಈ ನಗರದಲ್ಲಿ ಎಷ್ಟು ಸಲ ಇಳಿದರೂ ಹೊಸಬರೇ. ರಾಜಧಾನಿ ಎಂಬುದು ಇಲ್ಲಿ ವಾಸಿಸುವವರ ಸೊತ್ತು ಮಾತ್ರವಲ್ಲವೆಂದಾದರೆ ಅದರ ಬಸ್ ನಿಲ್ದಾಣ ಇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ರೂಪುಗೊಳ್ಳಬೇಕು.

ಹೊಸಬರ ಕಣ್ಣಿನಿಂದ ಈ ನಗರವನ್ನೊಮ್ಮೆ ನೋಡಿ. ಜನರ ಬಾಯಲ್ಲಿ ಅದು 'ಮೆಜೆಸ್ಟಿಕ್'. ಅಧಿಕೃತವಾಗಿ ಕೆಂಪೇಗೌಡ ಬಸ್ ನಿಲ್ದಾಣ. ಆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೇ ಈಗಿಲ್ಲ. 'ಮೈಸೂರು ಬ್ಯಾಂಕ್ ಹತ್ತಿರ ಇಳಿಯಿರಿ' ಎನ್ನುತ್ತಾರೆ. ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ರೈಲು ನಿಲ್ದಾಣವನ್ನು ಇಂದಿಗೂ ಬಹುಮಂದಿ ಕರೆಯುವುದು 'ಸಿಟಿ ಸ್ಟೇಷನ್' ಎಂದು. ವಿಮಾನ ನಿಲ್ದಾಣವೂ ಕೆಂಪೇಗೌಡರದ್ದೇ, ಬಸ್ ನಿಲ್ದಾಣವೂ ಅವರದ್ದೇ. ಎರಡರ ನಡುವೆ 30 ಕಿಲೋಮೀಟರಿಗೂ ಹೆಚ್ಚು ಅಂತರ. ಹಳಬರಿಗೆ ಇದು ನಗರದ ಚರಿತ್ರೆ, ಅದರ ಸೊಗಸು. ಇಲ್ಲದ ಚಿತ್ರಮಂದಿರವೊಂದು ಜನರ ನಾಲಗೆಯಲ್ಲಿ ಬದುಕಿರುವುದು ನನಗೂ ಇಷ್ಟವೇ. ಆದರೆ ಫಲಕ ಒಂದು ಹೆಸರನ್ನೂ ಜನ ಇನ್ನೊಂದು ಹೆಸರನ್ನೂ ಹೇಳಿದಾಗ ಎರಡನ್ನೂ ಅರಿಯದವನು ನಡುವೆ ಸಿಕ್ಕಿಕೊಳ್ಳುತ್ತಾನೆ.

ಇನ್ನು ಬಸ್ಸಿನ ಸಂಖ್ಯೆಗಳು. ಅವು ಅಂಕಿಗಳಾದ್ದರಿಂದ ಭಾಷೆಯ ಹಂಗಿಲ್ಲ. ಒಡಿಶಾದ ಕಾರ್ಮಿಕನಿಗೂ ಕೊಪ್ಪಳದ ವಿದ್ಯಾರ್ಥಿನಿಗೂ ಒಂದೇ. ಅವುಗಳ ಬೆನ್ನಿಗೊಂದು ಕ್ರಮವೂ ಇದೆ. ಹೊರವರ್ತುಲ ರಸ್ತೆ ಹಿಡಿದು ಓಡುವ ಅನೇಕ ಬಸ್ಸುಗಳ ಸಂಖ್ಯೆ 500ರಿಂದ ಆರಂಭವಾಗುತ್ತದೆ. ಮೆಜೆಸ್ಟಿಕ್‌ನಿಂದ 335ಇ ಕಾಡುಗೋಡಿಯ ಕಡೆಗೆ, 365 ಬನ್ನೇರುಘಟ್ಟದ ಕಡೆಗೆ. ಸಂಖ್ಯೆ ಅದೇ ಇದ್ದು ಕೊನೆಯ ಅಕ್ಷರ ಬದಲಾದರೆ ತಲಪುವ ಬಡಾವಣೆಯೇ ಬದಲಾಗಬಹುದು. ವರ್ಷಾನುಗಟ್ಟಲೆ ಓಡಾಡಿದವರಿಗೆ ಇದೆಲ್ಲ ಕರತಲಾಮಲಕ. ಆದರೆ ಯಾವ ಕಲಿಕೆಗೂ ಪಠ್ಯವೊಂದು ಬೇಕಲ್ಲವೇ? ಈ ವಿದ್ಯೆಗೆ ಪಠ್ಯವಿಲ್ಲ. ತಪ್ಪು ಬಸ್ಸು ಹತ್ತಿಯೇ ಕಲಿಯಬೇಕು. ಪ್ರತಿ ತಪ್ಪಿಗೂ ಶುಲ್ಕವುಂಟು. ಕೆಲವರಿಗದು ಅರ್ಧ ಗಂಟೆ, ಕೆಲವರಿಗೆ ಅರ್ಧ ದಿನದ ಕೂಲಿ.

'ಕೇಳಿದರೆ ಜನ ಹೇಳುವುದಿಲ್ಲವೇ?' ಎಂದು ನೀವು ಕೇಳಬಹುದು. ಹೇಳುತ್ತಾರೆ. ಈ ನಗರದ ಬಗ್ಗೆ ಏನೇ ದೂರಿದ್ದರೂ ದಾರಿ ಕೇಳಿದವನಿಗೆ ಮುಖ ತಿರುಗಿಸುವವರು ಇಲ್ಲಿ ಕಡಿಮೆ. ಹೊರರಾಜ್ಯಗಳಿಂದ ಬಂದ ಎಷ್ಟೋ ಮಂದಿಗೆ ಕನ್ನಡದ ಮೊದಲ ಪಾಠಶಾಲೆಯೂ ಬಸ್ಸೇ. 'ಮುಂದೆ ಹೋಗಿ', 'ಚಿಲ್ಲರೆ ಕೊಡಿ', 'ಇಲ್ಲೇ ಇಳಿಯಿರಿ' ಎಂಬ ಮೂರು ವಾಕ್ಯಗಳಿಂದ ಆರಂಭವಾಗುವ ಆ ಪಾಠವನ್ನು ಯಾವ ಅಭಿಯಾನವೂ ಅಷ್ಟು ಸಹಜವಾಗಿ ಕಲಿಸಲಾರದು. ಕೇಳುವುದರಲ್ಲಿ, ಹೇಳುವುದರಲ್ಲಿ ಒಂದು ಮನುಷ್ಯ ಸಂಬಂಧವಿದೆ, ಅದು ಉಳಿಯಬೇಕು.

ಆದರೆ ಎಲ್ಲರೂ ಕೇಳಬಲ್ಲರೇ? ರಾತ್ರಿ ಒಂಬತ್ತೂವರೆಗೆ ನಿಲ್ದಾಣದಲ್ಲಿ ಒಬ್ಬಳೇ ನಿಂತ ಹುಡುಗಿ ತಾನು ಈ ಊರಿಗೆ ಹೊಸಬಳೆಂದು ಅಪರಿಚಿತನ ಮುಂದೆ ಪ್ರಕಟಪಡಿಸಲು ಹಿಂಜರಿಯುತ್ತಾಳೆ; ಹಿಂಜರಿಯುವುದೇ ವಿವೇಕ. ಕಿವಿ ಕೇಳಿಸದವರು, ಮಾತು ಬಾರದವರು ಏನು ಮಾಡಬೇಕು? ಕನ್ನಡವೂ ಹಿಂದಿಯೂ ಇಂಗ್ಲಿಷೂ ಬಾರದ ಕಟ್ಟಡ ಕಾರ್ಮಿಕ ಯಾರ ಹತ್ತಿರ ಹೋಗಬೇಕು? ಕೇಳುವುದು ಆಯ್ಕೆಯಾಗಿದ್ದಾಗ ಅದು ಸೌಹಾರ್ದ. ಅನಿವಾರ್ಯವಾದಾಗ ಅದು ಅವಲಂಬನೆ. ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಲ್ಲೆ ಎಂಬ ಭರವಸೆ ನಾಗರಿಕತೆಯ ಸಣ್ಣ ಲಕ್ಷಣವೇನಲ್ಲ.

ಇದು ಅಸಾಧ್ಯವಾದ ಆದರ್ಶವೇ? ಅಲ್ಲವೆನ್ನುವುದಕ್ಕೆ ಇದೇ ನಗರದಲ್ಲಿ ಸಾಕ್ಷ್ಯವಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಲಾರಂಭಿಸಿದ 'ನಮ್ಮ ಮೆಟ್ರೊ' 2023ರಲ್ಲಿ ವೈಟ್‌ಫೀಲ್ಡ್‌ ಮುಟ್ಟಿತು, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರವನ್ನೂ ತಲಪಿತು. ಅದರ ನಿಲ್ದಾಣದೊಳಗೆ ಹೊಸಬ ಹೆಚ್ಚು ಕಾಲ ಹೊಸಬನಾಗಿ ಉಳಿಯುವುದಿಲ್ಲ. ಮಾರ್ಗಕ್ಕೊಂದು ಬಣ್ಣ, ಗೋಡೆಯ ಮೇಲೆ ನಿಲ್ದಾಣಗಳ ಸಾಲು, ಯಾವ ಬದಿಯಲ್ಲಿ ನಿಂತರೆ ಯಾವ ಕಡೆಗೆ ಎಂಬ ಬರಹ, ಮುಂದಿನ ನಿಲ್ದಾಣ ಯಾವುದೆಂದು ಕನ್ನಡ, ಇಂಗ್ಲಿಷ್‌ಗಳಲ್ಲಿ ಘೋಷಣೆ. ಎರಡು ಹೆಸರುಗಳ ಗೊಂದಲವನ್ನೂ ಅಲ್ಲಿ ಸರಳವಾಗಿ ಬಿಡಿಸಲಾಗಿದೆ: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್ ಎಂದು ಎರಡನ್ನೂ ಜೊತೆಯಾಗಿಯೇ ಇಟ್ಟಿದ್ದಾರೆ. ಅದೇ ಮನುಷ್ಯ ಮೆಟ್ಟಿಲು ಹತ್ತಿ ರಸ್ತೆಗೆ ಬಂದು ಬಸ್ಸಿಗೆ ಕಾಯತೊಡಗಿದನೆಂದರೆ ಮತ್ತೆ ಅನಕ್ಷರಸ್ಥನಾಗುತ್ತಾನೆ. ನಗರದ ಬಸ್ಸುಗಳಲ್ಲಿ ದಿನವೂ ಸುಮಾರು 40 ಲಕ್ಷ ಪ್ರಯಾಣಗಳು ನಡೆಯುತ್ತವೆ. ಮೆಟ್ರೊದ ಪ್ರಯಾಣಿಕರು ಅದಕ್ಕಿಂತ ಎಷ್ಟೋ ಕಡಿಮೆ. ಕಡಿಮೆ ಜನ ಬಳಸುವ ವ್ಯವಸ್ಥೆಗೆ ಸಲ್ಲುವ ಗೌರವ ಹೆಚ್ಚು ಜನ ಬಳಸುವ ವ್ಯವಸ್ಥೆಗೆ ಏಕೆ ಸಲ್ಲಬಾರದು?

ಮೆಟ್ರೊ ನಕ್ಷೆಯ ಮೂಲವನ್ನು ಇಲ್ಲಿ ನೆನೆಯಬಹುದು. ಲಂಡನ್ನಿನ ಸುರಂಗ ರೈಲಿಗಾಗಿ ಹ್ಯಾರಿ ಬೆಕ್ ಎಂಬ ನಕ್ಷೆಗಾರ ರಚಿಸಿದ ಚಿತ್ರ 1933ರಲ್ಲಿ ಅಚ್ಚಾಗಿ ಜನರ ಕೈಸೇರಿತು. ಪ್ರಯಾಣಿಕನಿಗೆ ಬೇಕಾದುದು ನಿಲ್ದಾಣಗಳ ನಡುವಿನ ನಿಖರ ದೂರವಲ್ಲ. ಯಾವುದರ ನಂತರ ಯಾವುದು, ಎಲ್ಲಿ ಇಳಿದು ಬದಲಾಯಿಸಬೇಕು ಎಂಬುದಷ್ಟೇ ಎಂದು ಆತ ಕಂಡುಕೊಂಡಿದ್ದ. ಜಗತ್ತಿನ ಬಹುಪಾಲು ಮೆಟ್ರೊ ನಕ್ಷೆಗಳು ಆ ತಿಳಿವಳಿಕೆಯ ಮೇಲೆಯೇ ನಿಂತಿವೆ. ದೂರದ ಮಾತೇಕೆ, ಮುಂಬೈಗೆ ಹೊಟ್ಟೆಪಾಡಿಗಾಗಿ ಹೋದ ನಮ್ಮ ಕರಾವಳಿಯ ಹುಡುಗರು ಅಲ್ಲಿನ ಲೋಕಲ್ ರೈಲುಗಳನ್ನು ಕೆಲವೇ ದಿನಗಳಲ್ಲಿ ಪಳಗಿಸಿಕೊಳ್ಳುತ್ತಾರೆ. ಬರುವ ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ನಿಧಾನದ್ದೋ ವೇಗದ್ದೋ, ಅದಕ್ಕೆ ಎಷ್ಟು ಡಬ್ಬಿಗಳು ಎಂಬುದನ್ನು ಪ್ಲಾಟ್‌ಫಾರಂ ಮೇಲಿನ ಸೂಚಕವೇ ಹೇಳುತ್ತದೆ. ಆ ನೂಕುನುಗ್ಗಲಿನಲ್ಲೂ ಹೊಸಬನಿಗೆ ಓದಲು ಏನೋ ಒಂದು ಇರುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಬಸ್ಸಿನ ಮಾಹಿತಿ ಕೊಡುವ ಆ್ಯಪ್‌ಗಳಿವೆ, ಮತ್ತೇಕೆ ಕಂಬದ ಮೇಲೆ ಬರಹ ಎಂಬ ವಾದವೂ ಇದೆ. ಆ್ಯಪ್‌ಗಳು ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಸಿಂಧನೂರಿನ ಯಜಮಾನರ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಒಳ್ಳೆಯ ಫೋನಿದ್ದವರದೂ ರಾತ್ರಿಯ ಪ್ರಯಾಣ ಮುಗಿಯುವಷ್ಟರಲ್ಲಿ ಚಾರ್ಜು ಮುಗಿದಿರುತ್ತದೆ. ಸಾರ್ವಜನಿಕ ಬಸ್ಸಿನ ಮಾಹಿತಿ ಪಡೆಯಲು ಖಾಸಗಿ ಉಪಕರಣವೊಂದು ಕಡ್ಡಾಯವಾಗುವುದಾದರೆ ಅದು ಸಾರ್ವಜನಿಕ ಹೇಗಾದೀತು?

ಇನ್ನೊಂದು ಸಂಗತಿ. 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಯೋಜನೆಯ ಪರ–ವಿರೋಧದ ಮಾತು ಇಲ್ಲಿ ಬೇಡ. ಸಿಂಧನೂರಿನ ಆ ತಾಯಿ ರಾಜಧಾನಿಯವರೆಗಿನ ದೂರವನ್ನು ಕಾಸು ಕೊಡದೆ ಕ್ರಮಿಸಬಲ್ಲರು. ಆದರೆ ಮೆಜೆಸ್ಟಿಕ್‌ನಿಂದ ಆಸ್ಪತ್ರೆಯವರೆಗಿನ ಕೆಲವೇ ಕಿಲೋಮೀಟರುಗಳಿಗೆ ಹಿಂದಿನ ಸಲ ನಾನೂರು ರೂಪಾಯಿ ತೆತ್ತಿದ್ದರು. ಬಸ್ಸಿರಲಿಲ್ಲವೆಂದಲ್ಲ, ಅದರಲ್ಲಿ ಅವರಿಗೆ ಹಕ್ಕಿರಲಿಲ್ಲವೆಂದೂ ಅಲ್ಲ. ಯಾವ ಬಸ್ಸೆಂದು ತಿಳಿಯಲಿಲ್ಲ. ಸರ್ಕಾರ ಟಿಕೆಟ್ಟಿನ ಹಣವನ್ನು ಭರಿಸಬಹುದು. ತಿಳಿವಳಿಕೆ ಇಲ್ಲದ ಕಡೆ ಆ ಸೌಲಭ್ಯ ಅರ್ಧದಾರಿಯಲ್ಲೇ ಇಳಿದುಹೋಗುತ್ತದೆ.

ಮಾಡಬೇಕಾದುದೇನೂ ದೊಡ್ಡದಲ್ಲ. ಪ್ರತಿ ನಿಲ್ದಾಣದಲ್ಲೂ ಅದರ ಹೆಸರು ದೂರಕ್ಕೆ ಕಾಣುವಂತೆ, ಮೊದಲು ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಇರಲಿ. ಜನಬಳಕೆಯ ಹೆಸರು ಬೇರೆಯಿದ್ದರೆ ಅದೂ ಜೊತೆಗಿರಲಿ. ಇಲ್ಲಿ ನಿಲ್ಲುವ ಬಸ್ಸುಗಳು ಯಾವ ಕಡೆಗೆ ಹೋಗುತ್ತವೆ ಎಂಬ ಒಂದು ಬಾಣದ ಗುರುತಿರಲಿ. 2003ರಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಬಸ್ಸಿನ ಸಂಖ್ಯೆಯ ಮುಂದೆ ಕೊನೆಯ ಊರಿನ ಹೆಸರಷ್ಟೇ ಅಲ್ಲದೆ ದಾರಿಯ ಮುಖ್ಯ ನಿಲ್ದಾಣಗಳ ಸಾಲು, ಮೊದಲ ಮತ್ತು ಕೊನೆಯ ಬಸ್ಸಿನ ವೇಳೆ ಇರಲಿ. ಮೆಜೆಸ್ಟಿಕ್, ಶಿವಾಜಿನಗರ, ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ದೊಡ್ಡ ನಿಲ್ದಾಣಗಳಲ್ಲಿ ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ವಿಕ್ಟೋರಿಯಾ ಮೊದಲಾದ ಆಸ್ಪತ್ರೆಗಳಿಗೆ ಯಾವ ಅಂಕಣದಿಂದ ಯಾವ ಸಂಖ್ಯೆ ಎಂದು ಸಾರುವ ಒಂದು ದೊಡ್ಡ ಫಲಕ ಬೇಕು. ರಾತ್ರಿ ಬಸ್ಸುಗಳು ಬಂದಿಳಿಯುವ ನಸುಕಿನ ನಾಲ್ಕರಿಂದ ಒಂಬತ್ತರವರೆಗೆ ಅಲ್ಲೊಬ್ಬ ಮಾಹಿತಿ ಹೇಳುವ ಸಿಬ್ಬಂದಿಯೂ ಇರಬೇಕು.

ತೊಡಕಿರುವುದು ಹಣದಲ್ಲಿ ಎನ್ನುವುದಕ್ಕಿಂತ ಹೊಣೆಯಲ್ಲಿ. ಬಸ್ಸು ಓಡಿಸುವುದು ಸಾರಿಗೆ ಸಂಸ್ಥೆ. ತಂಗುದಾಣ, ಅದರ ಜಾಹೀರಾತು ನಗರಾಡಳಿತದ ವಿಷಯ. ಮೆಟ್ರೊ ಬೇರೆಯದೇ ನಿಗಮದ್ದು. 2025ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಪ್ರಯಾಣಿಕನಿಗೆ ಈ ಗಡಿಗಳು ಕಾಣುವುದಿಲ್ಲ. ಅವನ ಕಣ್ಣಿಗೆ ಕಾಣುವುದು ಜಾಹೀರಾತು ತುಂಬಿದ, ಮಾಹಿತಿ ಇಲ್ಲದ ಗೋಡೆ. ಇಂಥ ಹರಿದುಹಂಚಿದ ಹೊಣೆಗಳನ್ನು ಒಂದೆಡೆ ಸೇರಿಸಲೆಂದೇ 2022ರ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ ರೂಪುಗೊಂಡಿತು. ಜನರನ್ನು ಸಾಗಿಸಬೇಕೇ ಹೊರತು ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತ್ತು. ಸುರಂಗ ರಸ್ತೆ, ಮೇಲ್ಸೇತುವೆಗಳ ದೊಡ್ಡ ಮಾತುಗಳ ನಡುವೆ ಪ್ರಾಧಿಕಾರ ತನ್ನ ಮೊದಲ ಕೆಲಸವಾಗಿ ಬಸ್ ನಿಲ್ದಾಣದ ಕಂಬಗಳನ್ನು ಕೈಗೆತ್ತಿಕೊಳ್ಳಲಿ. ಅದು ವರ್ಷದೊಳಗೆ ಮುಗಿಯುವ ಕೆಲಸ. ಮುಗಿದದ್ದು ಎಲ್ಲರ ಕಣ್ಣಿಗೂ ಕಾಣುವ ಕೆಲಸ.

ಅಂದು ಬೆಳಿಗ್ಗೆ ಏಳಕ್ಕೆ ಮುಂಚೆಯೇ ನಾವು ಆಸ್ಪತ್ರೆಯ ಬಳಿ ಇಳಿದೆವು. ಸರದಿ ತಪ್ಪುವ ಭಯವಿರಲಿಲ್ಲ. ಯಜಮಾನರು ಕೈಮುಗಿದು ಹೊರಟವರು ಎರಡು ಹೆಜ್ಜೆ ಇಟ್ಟು ತಿರುಗಿ ನಿಂತು, 'ವಾಪಸ್ ಹೋಗಾಕ ಬಸ್ಸಿಗೆ ಎಲ್ಲಿ ನಿಂದರಬೇಕ್ರೀ?' ಎಂದು ಕೇಳಿದರು. ಎದುರು ಬದಿಗೆ ಕೈ ತೋರಿಸಹೊರಟವನು ತಡೆದೆ. ಮೆಜೆಸ್ಟಿಕ್‌ಗೆ ಹೋಗುವ ಬಸ್ಸು ಎದುರಿಗೇ ನಿಲ್ಲುತ್ತದೆಯೋ, ಮುಂದಿನ ತಿರುವಿನಲ್ಲೋ ನನಗೂ ಖಚಿತವಿರಲಿಲ್ಲ. ಸುತ್ತ ನೋಡಿದೆ, ಓದಲು ಏನೂ ಇರಲಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಈ ನಗರದಲ್ಲಿ ಬಾಳಿದ ನಾನೂ ಕೊನೆಗೆ ಪಾದಚಾರಿ ಮಾರ್ಗದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸನ್ನು ಕೇಳಿದೆ. ಆಕೆ ಕತ್ತಿ ಹಿಡಿದ ಕೈಯಿಂದಲೇ ನಿಲ್ಲಬೇಕಾದ ಜಾಗವನ್ನು ತೋರಿಸಿ, ಸಂಖ್ಯೆಯನ್ನೂ ಹೇಳಿದರು. ದಿನಕ್ಕೆ ಎಷ್ಟು ಮಂದಿ ಹೀಗೆ ಕೇಳುತ್ತಾರೆ ಎಂದೆ. 'ಯಾರು ಲೆಕ್ಕ ಇಟ್ಟವ್ರೆ ಸಾಮಿ' ಎಂದು ನಕ್ಕರು.

ಈ ನಗರ ನಡೆದಿರುವುದು ಅಂಥವರ ಸಂಬಳವಿಲ್ಲದ ಸೇವೆಯಿಂದ. ಆಕೆಗೆ ನಮಸ್ಕಾರ. ಆದರೆ ಆಕೆ ಅಂಗಡಿ ಹಾಕದ ದಿನ ಸಿಂಧನೂರಿನಿಂದ ಬಂದವರು ಯಾರನ್ನು ಕೇಳಬೇಕು?